ನಕ್ಷತ್ರ ವಿಜ್ಞಾನಿಗಳು ಪರೀಕ್ಷಿಸಿದ ನೀರು

ನಮ್ಮ ಕಾಲೇಜಿನಲ್ಲಿ ಸಂಶೋಧನಾ ಕೇಂದ್ರ ಶುರುವಾದದ್ದು ಅದರ ಬೋರ್ಡು ಬಂದ ದಿನ. ಒಳಗೆ ಏನಿರಬೇಕು ಎಂಬ ಚರ್ಚೆ ಆಮೇಲೆ ನಡೆಯಿತು.

ನಾನು ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆ ಹರಿಹರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನನ್ನ ಪಿಎಚ್.ಡಿ. ವಿಷಯ ನದಿಯ ನೀರು. ಹರಿಹರದ ಸೇತುವೆಯ ಕೆಳಗೆ ವರ್ಷಗಟ್ಟಲೆ ತುಂಗಭದ್ರೆಯನ್ನು ಬಾಟಲಿಗೆ ತುಂಬಿದವಳು ನಾನು. ಸ್ನಾನಕ್ಕೆ ಬಂದವರು ನಾನು ತೀರ್ಥ ಒಯ್ಯುತ್ತಿದ್ದೇನೆಂದುಕೊಂಡು ದಾರಿ ಬಿಡುತ್ತಿದ್ದರು. ಒಮ್ಮೆ ನಮ್ಮತ್ತೆ ಫ್ರಿಜ್ಜಿನಲ್ಲಿದ್ದ ಒಂದು ತಿಂಗಳ ಸ್ಯಾಂಪಲ್ಲನ್ನೆಲ್ಲ ತುಳಸಿಗೆ ಸುರಿದು, "ಹೊಳಿ ನೀರು ತಾನೇನವ್ವ, ಹೊಳಿಗೆ ಹೋದ್ರೆ ಮತ್ತೆ ಸಿಗ್ತೈತೆ" ಅಂದಿದ್ದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ನನ್ನ ಪ್ರಬಂಧದ ಕೋಷ್ಟಕದಲ್ಲಿ ಆ ತಿಂಗಳು ಇವತ್ತಿಗೂ ಖಾಲಿ ಇದೆ.

ಕಾಲೇಜಿಗೆ ದರ್ಜೆ ಕೊಡುವ ತಂಡ ಬರುವುದಿತ್ತು. ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಎಲ್ಲಿಂದಲೋ ಒಂದು ಸುದ್ದಿ ತಂದರು: ಒಂದೊಂದೇ ವಿಷಯದ ಸಂಶೋಧನೆಗೆ ಈಗ ಕಿಮ್ಮತ್ತಿಲ್ಲ, ಎರಡು ಮೂರು ವಿಷಯ ಸೇರಿಸಿ ಮಾಡಿದರೆ ಅಂಕ ಜಾಸ್ತಿ. ಇವರು ಅಕ್ಕಿ ಗಿರಣಿಯ ಮನೆತನದವರು, ಈಚೆಗೆ ಲೇಔಟುಗಳನ್ನೂ ಮಾಡುತ್ತಿದ್ದರು. ಸೋನಾ ಮಸೂರಿಗೆ ಬೇರೆ ತಳಿ ಬೆರೆಸುವುದು ಗೊತ್ತಿದ್ದವರಿಗೆ ವಿಷಯಗಳನ್ನು ಬೆರೆಸುವುದು ಕಷ್ಟವಾಗಿ ಕಾಣಲಿಲ್ಲ. ವಿಜ್ಞಾನ ವಿಭಾಗಗಳಲ್ಲಿ ಡಾಕ್ಟರೇಟ್ ಇದ್ದೂ ಯಾವ ಕಮಿಟಿಯಲ್ಲೂ ಇಲ್ಲದವರು ಯಾರು ಯಾರು ಎಂದು ಪಟ್ಟಿ ತರಿಸಿದರು. ಮೂರು ಜನ ಸಿಕ್ಕೆವು.

ಒಬ್ಬರು ಭೌತಶಾಸ್ತ್ರದ ಹಿರಿಯರು. ಹರಿಹರದ ಹತ್ತಿರದ ಸಾರಥಿ ಎಂಬ ಊರಿನ ರೈತರ ಮನೆಯವರು, ಭಾನುವಾರ ಭತ್ತದ ಗದ್ದೆ, ಉಳಿದ ದಿನ ನಕ್ಷತ್ರ. ಬೆಳಕು ಹೆಚ್ಚು ಕಡಿಮೆಯಾಗುತ್ತಲೇ ಇರುವ ಒಂದು ಜಾತಿಯ ನಕ್ಷತ್ರಗಳ ಮೇಲೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದರು. ಇನ್ನೊಬ್ಬಳು ಅದೇ ವಿಭಾಗದ ಕಿರಿಯವಳು. ದಾವಣಗೆರೆಯ ಹಳೇ ಬಟ್ಟೆ ಅಂಗಡಿಯ ಮನೆಯ ಮಗಳು, ಕ್ವಾಂಟಂ ಬೆಳಕಿನ ವಿಜ್ಞಾನ ಓದಿ ಬಂದವಳು. ಬೆಳಕಿನ ಒಂದೇ ಒಂದು ಕಣವನ್ನು ಹಿಡಿದು ಮಾತನಾಡಿಸುವುದು ಅವಳ ಆಸೆ. ಮೂರನೆಯವಳು ನಾನು.

ಬೋರ್ಡು ಬಂತು. "ಖಗೋಳಭೌತ, ಕ್ವಾಂಟಂ ಬೆಳಕು ಮತ್ತು ಪರಿಸರ ರಸಾಯನ ಸಂಶೋಧನಾ ಕೇಂದ್ರ" ಎಂದಿರಬೇಕಿತ್ತು. ಬರೆಯುವವನು ಖಗೋಳಭೌತವನ್ನು "ಖಗೋಳಭೂತ" ಮಾಡಿದ್ದ. ಉದ್ಘಾಟನೆಗೆ ಬಂದ ಅತಿಥಿಗಳು ಅದರ ಕೆಳಗೇ ನಿಂತು ಫೋಟೋ ತೆಗೆಸಿಕೊಂಡರು. ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ದಿನ ಪತ್ತೆ ಹಚ್ಚಿದವರು ಬಿ.ಎಸ್ಸಿ. ಹುಡುಗಿಯರು. ಸಾರಥಿಯ ಸರ್ ಮಾತ್ರ ನಕ್ಕು, "ಬಿಡ್ರಿ ಮೇಡಂ, ಇಷ್ಟ್ ವರ್ಷ ನಾನು ಮಾಡಿದ್ದೂ ಹೆಚ್ಚೂ ಕಡಿಮೆ ಅದೇ" ಅಂದರು.

ಕೊಠಡಿ ಮೊದಲು ಕ್ರೀಡಾ ಸಾಮಗ್ರಿಗಳದ್ದು. ಗೋಡೆಯ ಆ ಕಡೆ ಕ್ಯಾಂಟೀನು. ಸರ್‌ಗೆ ಅಲ್ಲಿ ಬೇಕಾದದ್ದು ಒಂದು ಮೇಜು ಮತ್ತು ಇಂಟರ್ನೆಟ್ಟು. ನನಗೆ ಬೇಕಾದದ್ದು ನಲ್ಲಿ, ಅದು ಇರಲಿಲ್ಲ. ಬೆಳಕಿನ ಹುಡುಗಿಗೆ ಬೇಕಾದದ್ದು ಅಲುಗಾಡದ ಮೇಜು. ಅಂಥ ಮೇಜನ್ನು ಪರದೇಶದಿಂದ ತರಿಸಬೇಕು, ತರಿಸುವವರು ಯಾರೂ ಇರಲಿಲ್ಲ. ಅವಳು ಅಡುಗೆಕಟ್ಟೆಗೆ ಹಾಕುವ ಒಂದು ದಪ್ಪ ಗ್ರಾನೈಟ್ ಹಲಗೆ ತರಿಸಿ, ಮರಳು ತುಂಬಿದ ಪೆಟ್ಟಿಗೆಯ ಮೇಲೆ ಗಾಳಿ ಹಾಕಿದ ಸ್ಕೂಟರ್ ಟ್ಯೂಬುಗಳನ್ನಿಟ್ಟು, ಅದರ ಮೇಲೆ ಕಲ್ಲು ಕೂರಿಸಿದಳು. ಕಲ್ಲಿನ ಮೇಲೆ ಒಂದು ಲೇಸರ್, ನಾಲ್ಕು ಕನ್ನಡಿ. ಗೋಡೆಯ ಮೇಲೆ ಕೆಂಪು ಪಟ್ಟೆಗಳು ಮೂಡುತ್ತಿದ್ದವು. ಕೂದಲೆಳೆಗಿಂತ ಸಣ್ಣ ಅಲುಗಾಟಕ್ಕೂ ಆ ಪಟ್ಟೆಗಳು ಕದಲುತ್ತಿದ್ದವು.

ಕಾರ್ಯದರ್ಶಿಗಳು ಮೊದಲ ಸಲ ನೋಡಲು ಬಂದಾಗ ಸೀದಾ ಸರ್ ಹತ್ತಿರ ಹೋದರು.

"ನಕ್ಷತ್ರ ನೋಡೋರು ಅಂತೀರಿ, ಕಿಟಕಿಗೆ ಬೆನ್ನ ಹಾಕಿ ಕುಂತೀರಲ್ರಿ?"

"ಆಕಾಶ ಎಲ್ಲ ಇದ್ರಾಗೇ ಐತೆ ಸರ್" ಎಂದು ಅವರು ಲ್ಯಾಪ್‌ಟಾಪ್ ತೋರಿಸಿದರು. "ದೊಡ್ಡ ದೊಡ್ಡ ದೂರದರ್ಶಕದೋರು ನೋಡಿದ್ದನ್ನ ಎಲ್ಲಾರಿಗೂ ಸಿಗಂಗೆ ಇಟ್ಟಿರ್ತಾರೆ. ನಾವು ಇಳಿಸ್ಕೊಂಡು ಲೆಕ್ಕ ಹಾಕ್ತೀವಿ."

"ಅಂದ್ರೆ ಯಾರೋ ನೋಡಿದ್ದನ್ನ ನೀವು ನೋಡ್ತೀರಿ."

"ಹೌದು ಸರ್."

"ಅದಕ್ಕೂ ಡಾಕ್ಟರೇಟ್ ಕೊಡ್ತಾರೇನ್ರಿ?"

ಕಾರ್ಯದರ್ಶಿಗಳು ಬೆಳಕಿನ ಹುಡುಗಿಯ ಕಲ್ಲಿನ ಕಡೆ ತಿರುಗಿದರು.

"ಒಂದು ಕಣ ಹಿಡಿಯಾಕ ಇಷ್ಟು ದೊಡ್ಡ ಬಂಡೆ ಯಾಕಮ್ಮ?"

"ಅಲುಗಾಡಬಾರ್ದು ಅಂತ ಸರ್."

"ಬಂಡೆ ಎಲ್ಲಾದ್ರೂ ಅಲುಗಾಡ್ತೈತಾ?"

ಸರಿಯಾಗಿ ಆಗಲೇ ಗೋಡೆಯಾಚೆ ಗ್ರೈಂಡರ್ ಶುರುವಾಯಿತು. ಕೆಂಪು ಪಟ್ಟೆಗಳು ಗಡಗಡ ನಡುಗಿದವು. ಅವಳು ಅವುಗಳ ಕಡೆ ಬೆರಳು ತೋರಿಸಿದಳು. ಅವರು ಗೋಡೆಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನೋಡಿ, "ಚಟ್ನಿ ರುಬ್ಬಾಕ ಹತ್ಯಾರ" ಅಂದರು. ಯಂತ್ರದಿಂದ ಚಟ್ನಿಯ ಸುದ್ದಿ ತಿಳಿಯಿತೆಂದು ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ನಮ್ಮ ಕೇಂದ್ರದ ಮೇಲೆ ಅವರಿಗೆ ಮೊದಲ ಸಲ ಗೌರವ ಹುಟ್ಟಿದ್ದು ಆ ಕ್ಷಣದಲ್ಲೇ.

ಮುಂದಿನ ವಾರ ಮೂರು ಕಾಲಿನ ಒಂದು ದೂರದರ್ಶಕ ಬಂತು. ಸರ್ ಕೇಳಿರಲಿಲ್ಲ. ಹಗಲು ಅದರಲ್ಲಿ ಕಾಣುತ್ತಿದ್ದದ್ದು ಎದುರಿನ ಹಾಸ್ಟೆಲ್ಲಿನ ನೀರಿನ ಟ್ಯಾಂಕು, ಅದೂ ತಲೆಕೆಳಗಾಗಿ. ಜತೆಗೆ ಒಂದು ಆದೇಶವೂ ಬಂತು: ತಂಡ ಬರುವುದರೊಳಗೆ ಮೂವರೂ ಸೇರಿ ಒಂದೇ ಸಂಶೋಧನೆ ಮಾಡಿ ತೋರಿಸಬೇಕು.

ನಕ್ಷತ್ರ, ಬೆಳಕಿನ ಕಣ, ಹರಿಹರದ ಹೊಳೆ. ಮೂವರೂ ಕ್ಯಾಂಟೀನಿನಲ್ಲಿ ಕೂತು ಒಂದು ಸಂಜೆಯೆಲ್ಲ ನಕ್ಕೆವು. ನಗು ಮುಗಿದ ಮೇಲೆ ಸರ್ ಅಂದರು, "ನಗೋದೇನೋ ಸರಿ. ಆದ್ರೆ ನಾವು ಮೂವರೂ ಒಂದೇ ಕೆಲ್ಸ ಮಾಡೋದು ಗೊತ್ತೇನ್ರಿ? ನಾನು ನಕ್ಷತ್ರದಾಗ ಏನೈತೆ ಅಂತ ಅದ್ರ ಬೆಳಕು ಬಿಡಿಸಿ ನೋಡ್ತೀನಿ. ನೀವು ನೀರಾಗ ಏನೈತೆ ಅಂತ ಬೆಳಕು ಹಾಯಿಸಿ ನೋಡ್ತೀರಿ. ಈಕೆ ಬೆಳಕು ಅಂದ್ರೇನೇ ಏನು ಅಂತ ನೋಡ್ತಾಳೆ."

ಇದರಲ್ಲಿ ಹೊಸದೇನೂ ಇರಲಿಲ್ಲ, ಮೂವರಿಗೂ ಪಾಠದಲ್ಲಿ ಗೊತ್ತಿದ್ದದ್ದೇ. ಆದರೆ ಯಾರೂ ಯಾರಿಗೂ ಹೇಳಿರಲಿಲ್ಲ. ನಮ್ಮ ವಿಭಾಗಗಳ ನಡುವೆ ಒಂದು ಮೆಟ್ಟಿಲು ಸಾಲು ಇತ್ತು. ಆ ವಾರ ನಾವು ಒಂದು ಉಪಕರಣ ಕಟ್ಟಿದೆವು. ರಟ್ಟಿನ ಪೆಟ್ಟಿಗೆ, ಎರಡು ಬ್ಲೇಡುಗಳ ನಡುವೆ ಸಣ್ಣ ಸೀಳು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗೆರೆಗಾಜು, ಹಿಂದೆ ಒಂದು ಕ್ಯಾಮೆರಾ. ಸೂರ್ಯನ ಬೆಳಕು ಬಿಟ್ಟಾಗ ಕಾಮನಬಿಲ್ಲಿನ ಹಳದಿಯಲ್ಲಿ ಒಂದು ಕಪ್ಪು ಗೆರೆ ಕಂಡಿತು. ಆಮೇಲೆ ನಾನು ಬರ್ನರಿನ ಉರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದೆ. ಕಪ್ಪು ಗೆರೆ ಇದ್ದ ಜಾಗದಲ್ಲೇ, ಒಂದು ಕೂದಲಷ್ಟೂ ಆಚೀಚೆ ಆಗದೆ, ಹಳದಿ ಗೆರೆ ಹೊತ್ತಿಕೊಂಡಿತು. ಸೂರ್ಯನಲ್ಲಿರುವ ಸೋಡಿಯಂ, ನಮ್ಮ ಕ್ಯಾಂಟೀನಿನಿಂದ ತಂದ ಉಪ್ಪಿನಲ್ಲಿರುವ ಸೋಡಿಯಂ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ, ಕಣ್ಣಿಂದ ಹೀಗೆ ಒಂದರ ಮೇಲೊಂದು ನೋಡಿರಲಿಲ್ಲ. ಬೆಳಕಿನ ಹುಡುಗಿ, "ಮೇಡಂ, ಉಪ್ಪು ಇನ್ನೂ ಹಾಕ್ರಿ" ಅಂದಳು. ಪೊಟ್ಟಣ ಮುಗಿಯುವವರೆಗೂ ಹಾಕಿದೆವು.

ತಂಡ ಬಂತು. ನಮ್ಮ ಕೇಂದ್ರದಲ್ಲಿ ಅವರು ಇದ್ದದ್ದು ಒಂದು ಲೋಟ ಬಾದಾಮಿ ಹಾಲು ಕುಡಿಯುವಷ್ಟು ಹೊತ್ತು. ಸರ್ ಸೂರ್ಯನಿಂದ ಶುರು ಮಾಡಿ ಇನ್ನೂ ಭೂಮಿಗೆ ಬಂದಿರಲಿಲ್ಲ, ತಂಡದ ಹಿರಿಯರು, "ಸಂದರ್ಶಕರ ಪುಸ್ತಕ ಇಟ್ಟಿಲ್ವಾ?" ಎಂದು ಕೇಳಿದರು. ಇಟ್ಟಿರಲಿಲ್ಲ. ಅದನ್ನು ಕೊರತೆ ಎಂದು ಬರೆದುಕೊಂಡು ಹೋದರು.

ಆದರೆ ಹಿಂದೆ ನಿಂತಿದ್ದ ಕಾರ್ಯದರ್ಶಿಗಳು ಆ ಗೆರೆಗಳನ್ನು ಬಗ್ಗಿ ನೋಡಿದ್ದರು. ತಂಡ ಹೋದ ಮೇಲೆ ಒಬ್ಬರೇ ತಿರುಗಿ ಬಂದರು.

"ಒಂದೇ ಡಬ್ಬಿನಾಗ ಸೂರ್ಯಾನೂ ನೋಡ್ತೀರಿ, ಉಪ್ಪೂ ನೋಡ್ತೀರಿ. ನೀರು ನೋಡಾಕ ಬರ್ತೈತಾ?"

ನೀರಿಗೆ ಬೇರೆ ಯಂತ್ರ ಇದೆ, ಅದು ರಸಾಯನ ವಿಭಾಗದಲ್ಲಿದೆ, ನಾನು ನೋಡಿಕೊಡುತ್ತೇನೆ ಎಂದೆ. ಆವರಗೆರೆಯ ಕಡೆ ಅವರದೊಂದು ಹೊಸ ಲೇಔಟ್ ಆಗಿತ್ತು. ಅಲ್ಲಿಯ ಬೋರ್‌ವೆಲ್ ನೀರಿಗೆ ಕೇಂದ್ರದಿಂದ ಒಂದು ವರದಿ ಬೇಕು ಅಂದರು. "ನೀರು ಒಳ್ಳೇದೈತೆ. ನಾನೇ ಕುಡಿದು ನೋಡೀನಿ. ನೀವು ಸುಮ್ನೆ ಬರ್ಕೊಡ್ರಿ" ಎಂದು ಒಂದು ಬಿಸ್ಲೆರಿ ಬಾಟಲಿಯಲ್ಲಿ ಸ್ಯಾಂಪಲ್ಲನ್ನೂ ಕಳಿಸಿದರು. ಅದು ಯಾವ ನೀರೋ ಯಾರಿಗೆ ಗೊತ್ತು. ನಾನೇ ಹೋಗಿ ತರುತ್ತೇನೆ ಎಂದು ಬೆಳಕಿನ ಹುಡುಗಿಯ ಸ್ಕೂಟಿಯ ಹಿಂದೆ ಕೂತು ಹೋದೆ.

ಒಂದು ಕಾಲದ ಗದ್ದೆ ಬಯಲು. ಸಿಮೆಂಟು ಕಲ್ಲುಗಳ ಸಾಲು, ನಡುವೆ ಏಳೆಂಟು ಮನೆ. ಬೋರ್‌ವೆಲ್ಲಿನ ಎದುರಿನ ಮನೆಯವರು ಒಬ್ಬ ಅಂಗನವಾಡಿ ಟೀಚರ್. ಕುಕ್ಕುವಾಡದವರು, ಕೆಲಸ ಇರುವುದೂ ಅಲ್ಲೇ. ಮಗಳ ಬಾಣಂತನಕ್ಕೆ ಆಸ್ಪತ್ರೆ ಹತ್ತಿರ ಇರಲಿ ಎಂದು ಇಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ನಾನು ಬಾಟಲಿಯನ್ನು ಮೂರು ಸಲ ಅದೇ ನೀರಿನಲ್ಲಿ ತೊಳೆದು, ತುಂಬಿ, ಚೀಟಿ ಅಂಟಿಸುವುದನ್ನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು.

"ಯಾಕ್ರಿ ಮೇಡಂ, ಅಷ್ಟು ಸಲ ತೊಳಿತೀರಿ?"

ಹಿಂದಿನದ್ದೇನೂ ಬೆರೆಯಬಾರದು ಎಂದೆ.

"ನಮ್ ಅಂಗನವಾಡಿ ಲೋಟಾನೂ ನಾ ಹಂಗೇ ತೊಳಿಸ್ತೀನಿ. ಒಳಗ ಬರ್ರಿ, ಚಾ ಕುಡೀರಿ."

ನೀರು ತಿಳಿಯಾಗಿತ್ತು, ಸಿಹಿಯಾಗಿತ್ತು. ಅದೇ ನೀರಿನ ಚಹಾ ಕುಡಿದೆವು. ಒಳಗಿನ ಕೋಣೆಯಲ್ಲಿ ಇನ್ನೂ ತಿಂಗಳು ತುಂಬದ ಕೂಸು ಮಲಗಿತ್ತು.

ಮರುದಿನ ಅಳತೆ ಮಾಡಿದೆ. ನೈಟ್ರೇಟ್ ಮಿತಿಗಿಂತ ಬಹಳ ಮೇಲಿತ್ತು. ಯಂತ್ರ ಹಳೆಯದು, ಅದರ ಮೇಲೆ ಅನುಮಾನ ಬಂದು ಬೇರೆ ದ್ರಾವಣ ಮಾಡಿ ಮತ್ತೆ ಅಳೆದೆ. ಮತ್ತೆ ಹೋಗಿ ಬೇರೆ ಸ್ಯಾಂಪಲ್ ತಂದೆ. ಅದೇ ಬಂತು. ವರ್ಷಗಳಿಂದ ಗದ್ದೆಗೆ ಸುರಿದ ಯೂರಿಯಾ, ಈಗ ಪಕ್ಕಪಕ್ಕದಲ್ಲೇ ತೋಡಿದ ಕಕ್ಕಸು ಗುಂಡಿಗಳು, ಎಲ್ಲ ಸೇರಿ ಕೆಳಗಿಳಿದಿತ್ತು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರಿಗೆ ಕೂಡಲೇ ಏನೂ ಗೊತ್ತಾಗುವುದಿಲ್ಲ. ಎಳೆಗೂಸುಗಳಿಗೆ ಆ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ ರಕ್ತ ಉಸಿರನ್ನು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಮೈ ನೀಲಿಗಟ್ಟುತ್ತದೆ.

ವರದಿ ಬರೆದು ಮೂವರೂ ಸಹಿ ಹಾಕಿ ಕಾರ್ಯದರ್ಶಿಗಳಿಗೆ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಕಾಸಿ ಕುಡಿದ್ರೆ ಹೋಗಲ್ಲೇನ್ರಿ?"

"ಇಲ್ಲ ಸರ್. ಕಾಸಿದ್ರೆ ನೀರು ಆವಿಯಾಗಿ ಹೋಗ್ತದೆ, ಅದು ಉಳೀತದೆ. ಇನ್ನೂ ಗಟ್ಟಿಯಾಗ್ತದೆ."

"ಕುಡಿದು ಯಾರಾದ್ರೂ ಸತ್ತಾರಾ?"

"ಸಾಯೋವರೆಗೂ ಕಾಯೋದಾದ್ರೆ ಪರೀಕ್ಷೆ ಯಾಕ್ ಬೇಕ್ರಿ ಸರ್" ಎಂದು ಬೆಳಕಿನ ಹುಡುಗಿ ಅಂದಳು. ಅವಳಿಗೆ ಮನೆಯ ಅಂಗಡಿ ಇತ್ತು, ಧೈರ್ಯವೂ ಇತ್ತು.

ಕಾರ್ಯದರ್ಶಿಗಳು ಸಿಟ್ಟಾಗಲಿಲ್ಲ. ವರದಿಯನ್ನು ಮಡಚಿ ಡ್ರಾಯರಿನಲ್ಲಿಟ್ಟು, "ನೋಡೋಣು. ನಿಮ್ಮ ಕೆಲ್ಸ ನೀವು ಮಾಡೀರಿ. ಭಾಳ ಚಲೋ ಆತು" ಅಂದರು. ಹೊರಗೆ ಬರುವಾಗ ನನ್ನೊಬ್ಬಳನ್ನೇ ನಿಲ್ಲಿಸಿ, "ನಿಮ್ಮ ಗೈಡ್‌ಶಿಪ್ ಫೈಲು ನನ್ನ ಮೇಜಿನ ಮ್ಯಾಲೇ ಐತ್ರಿ ಮೇಡಂ" ಎಂದರು, ಅಷ್ಟೇ.

ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶಕಿಯಾಗಲು ನಾನು ಹಾಕಿದ್ದ ಅರ್ಜಿ ಅದು. ಎಷ್ಟೋ ವರ್ಷದ ಆಸೆ. ಸಹಿಯಾದರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಿತ್ತು. ನಾನು "ಆಗಲಿ ಸರ್" ಎಂದು ಬಂದೆ. ಯಾವುದಕ್ಕೆ ಆಗಲಿ ಎಂದೆ ಎಂದು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ. ಮೊದಮೊದಲು, ಅವರು ಏನಾದರೂ ಮಾಡುತ್ತಾರೆ, ನೋಡೋಣ ಅಂದಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಪರೀಕ್ಷೆ ಕೆಲಸ ಬಂತು. ಆ ಕೂಸಿನ ನೆನಪು ಬಂದಾಗೆಲ್ಲ, ತಾಯಿಹಾಲು ಕುಡಿಯುತ್ತಿರುತ್ತದೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪುರಾವೆ ಇಲ್ಲದೆ ತೀರ್ಮಾನಕ್ಕೆ ಬರಬೇಡಿ ಎಂದು ಹೇಳಿದವಳ ತೀರ್ಮಾನ ಇದು.

ಅವರೇನೋ ಮಾಡಿದರು. ಒಂದು ಬೆಳಿಗ್ಗೆ ಹರಿಹರದಲ್ಲಿ ಪೇಪರಿನೊಳಗಿಂದ ಒಂದು ಹೊಳಪಿನ ಹಾಳೆ ಜಾರಿ ಬಿತ್ತು. ಅತ್ತೆ ಎತ್ತಿಕೊಂಡು, "ಏ, ನಿನ್ನ ಫೋಟೋ ಐತಲ್ಲೇ" ಅಂದರು. ದರ್ಜೆಯ ತಂಡ ಬಂದ ದಿನದ ಫೋಟೋ: ನಾವು ಮೂವರು, ಮೂರು ಕಾಲಿನ ದೂರದರ್ಶಕ. ಕೆಳಗೆ ದಪ್ಪ ಅಕ್ಷರದಲ್ಲಿ, "ವಾಸ್ತು ಪ್ರಕಾರ ನಿವೇಶನಗಳು. ನಕ್ಷತ್ರ ವಿಜ್ಞಾನಿಗಳಿಂದ ಪರೀಕ್ಷಿಸಲ್ಪಟ್ಟ ನೀರು."

ಆ ವಾಕ್ಯದಲ್ಲಿ ಒಂದು ಸುಳ್ಳೂ ಇರಲಿಲ್ಲ. ಪರೀಕ್ಷಿಸಿದ್ದೆವು. ವರದಿಯ ಮೇಲೆ ನಕ್ಷತ್ರ ವಿಜ್ಞಾನಿಯ ಸಹಿಯೂ ಇತ್ತು. ಫಲಿತಾಂಶ ಏನೆಂದು ಅವರು ಹೇಳಿರಲಿಲ್ಲ, ಕೇಳುವ ಜನವೂ ಇರಲಿಲ್ಲ. ಆ ದಿನ ಕಾಲೇಜಿನಲ್ಲಿ ಸರ್ ತಲೆ ತಗ್ಗಿಸಿ ಕೂತಿದ್ದರು. ಅವರ ಹೆಂಡತಿಯ ತಮ್ಮ ಹಾಳೆ ನೋಡಿ ಬೆಳಿಗ್ಗೆಯೇ ಫೋನು ಮಾಡಿದ್ದನಂತೆ: ಭಾವನೇ ನೀರು ನೋಡಿದ ಮೇಲೆ ಇನ್ನೇನು ಯೋಚನೆ, ಮೂಲೆ ಸೈಟು ಹಿಡಿಯುತ್ತೇನೆ. "ಬ್ಯಾಡ ಅಂದೆ. ಯಾಕ ಅಂತ ಕೇಳ್ದ. ಗುರುಬಲ ಇಲ್ಲ ಅಂತ ಹೇಳಿಬಿಟ್ಟೆ ಕಣ್ರಿ" ಎಂದರು ಸರ್. ಇಪ್ಪತ್ತು ವರ್ಷ ನಕ್ಷತ್ರಗಳ ಭೌತವಿಜ್ಞಾನ ಮಾಡಿದ ಮನುಷ್ಯ ಭಾಮೈದನಿಗೆ ಗುರುಬಲ ಹೇಳಿದ್ದರು. ನನಗೆ ನಗು ಬಂತು. ಆದರೆ ಅವರು ಒಂದು ಸೈಟಾದರೂ ತಪ್ಪಿಸಿದ್ದರು. ನಾನು ಅದನ್ನೂ ಮಾಡಿರಲಿಲ್ಲ.

ಎರಡು ದಿನ ಬಿಟ್ಟು ಅಂಗನವಾಡಿ ಟೀಚರ್ ಕಾಲೇಜಿಗೆ ಬಂದರು. ಕೈಯಲ್ಲಿ ಆ ಹಾಳೆ, ಒಂದು ಡಬ್ಬಿಯಲ್ಲಿ ಅಂಟಿನುಂಡೆ.

"ನಿಮ್ಮ ಫೋಟೋ ನೋಡಿ ಧೈರ್ಯ ಬಂತ್ರಿ ಮೇಡಂ. ಮಗಳಿಗೆ ಹಾಲು ಸಾಲ್ತಿಲ್ಲ, ಪುಡಿ ಹಾಲು ಶುರು ಮಾಡೇವಿ. ನೀರಿಂದೇ ಚಿಂತಿ ಇತ್ತು. ಈಗ ಮೂರು ಸಲ ಕುದಿಸಿ ಕಲಸ್ತೀವಿ."

ನಾನು ಕೂತಲ್ಲಿಂದ ಎದ್ದು ನಿಂತೆ. ಆ ನೀರು ಕೊಡಬೇಡಿ, ಈಗಲೇ ಮನೆಗೆ ಫೋನು ಮಾಡಿ ನಿಲ್ಲಿಸಿ, ಕೂಸನ್ನು ಡಾಕ್ಟರಿಗೆ ತೋರಿಸಿ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಫೋನು ಮಾಡಿದರು. ಮಗಳಿಗೆ ನಿಧಾನವಾಗಿ, ಹೆದರಿಸದ ಹಾಗೆ, "ಸಿಟಿ ನಳದ ನೀರು ತರಿಸಿಕೋ, ಅದನ್ನೇ ಕಾಸು" ಅಂದರು. ಫೋನು ಇಟ್ಟು ನನ್ನ ಕಡೆ ತಿರುಗಿದರು.

"ಪರೀಕ್ಷೆ ಮಾಡಿದ್ದು ಸುಳ್ಳೇನ್ರಿ?"

"ಸುಳ್ಳಲ್ಲ. ಮಾಡಿದ್ವಿ."

"ಫೇಲಾಗಿತ್ತಾ?"

"ಹೌದು."

"ಯಾವಾಗ ಗೊತ್ತಾತು?"

ನೀವು ಚಹಾ ಕೊಟ್ಟ ಮರುದಿನ ಎಂದೆ. ಹೇಳದೆ ಇರಬಹುದಿತ್ತು. ಅವರು ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು.

"ಅಂಗನವಾಡಿನಾಗ ಒಂದು ಕೂಸಿನ ತೂಕ ಕಡಿಮಿ ಬಂದ್ರೆ ಅವತ್ತೇ ಅವ್ರ ಮನಿಗೆ ಹೋಗಿ ಹೇಳ್ಬೇಕ್ರಿ ನಾವು" ಎಂದರು. "ನಾ ಓದಿದ್ದು ಎಸ್ಸೆಸ್ಸೆಲ್ಸಿ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾನು ವರದಿಯ ಝೆರಾಕ್ಸ್ ಪ್ರತಿ ಅವರ ಕೈಗಿಟ್ಟೆ. ಅವರು ಓದಿ, ಅರ್ಥವಾಗದ ಎರಡು ಮಾತು ಕೇಳಿ ತಿಳಿದುಕೊಂಡು, ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ಆ ಉಂಡೆಗಳನ್ನು ತಿನ್ನಲು ನಮಗೆ ಯಾರಿಗೂ ಮನಸ್ಸು ಬರಲಿಲ್ಲ.

ಕೂಸಿಗೆ ಏನೂ ಆಗಿರಲಿಲ್ಲ. ಪುಡಿ ಹಾಲು ಶುರುವಾಗಿ ನಾಲ್ಕೇ ದಿನವಾಗಿತ್ತು. ಡಾಕ್ಟರ್ ರಕ್ತ ನೋಡಿ ಸರಿ ಇದೆ ಎಂದರಂತೆ. ಇದನ್ನು ನನಗೆ ಬೆಳಕಿನ ಹುಡುಗಿ ಹೇಳಿದಳು; ಅವಳು ಅವತ್ತೇ ಸ್ಕೂಟಿಯಲ್ಲಿ ಅವರ ಮನೆಗೆ ಹೋಗಿ ಬಂದಿದ್ದಳು. ಹೋಗಬೇಕಾದವಳು ನಾನು. ಬಸ್ಸಿಗೆ ಹೊತ್ತಾಯಿತು ಎಂದು ಹರಿಹರಕ್ಕೆ ಹೋಗಿಬಿಟ್ಟಿದ್ದೆ.

ಟೀಚರ್ ಸುಮ್ಮನೆ ಕೂರಲಿಲ್ಲ. ಅಂಗನವಾಡಿಯಲ್ಲಿ ಬಾಳೆಹಣ್ಣು, ಮಾವಿನಹಣ್ಣು ಬಿಡಿಸುವ ದೊಡ್ಡ ಚಾರ್ಟ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಮ್ಮ ವರದಿಯನ್ನು ಬರೆದರು. ಮೇಲೆ ಒಂದು ನಲ್ಲಿಯ ಚಿತ್ರ, ಪಕ್ಕದಲ್ಲಿ ಒಂದು ಕೂಸಿನ ಚಿತ್ರ, ನಡುವೆ ಕೆಂಪು ಅಡ್ಡಗೆರೆ. "ಈ ನೀರು ಬಟ್ಟೆಗೆ, ಪಾತ್ರೆಗೆ ಆಗುತ್ತದೆ. ಕುಡಿಯಲು ಬೇಡ. ಮಕ್ಕಳಿಗೆ ಬೇಡವೇ ಬೇಡ. ಕುದಿಸಿದರೂ ಹೋಗುವುದಿಲ್ಲ." ಕೆಳಗೆ ನಮ್ಮ ಮೂವರ ಹೆಸರು, ಪದವಿಗಳ ಸಮೇತ. ಪ್ಲಾಸ್ಟಿಕ್ ಹೊದಿಸಿ ಬೋರ್‌ವೆಲ್ಲಿನ ಟ್ಯಾಂಕಿಗೆ ಕಟ್ಟಿದರು. ನಾನು ಬರೆದ ಪ್ರಬಂಧಗಳನ್ನು ಎಷ್ಟು ಜನ ಓದಿದ್ದಾರೋ ನನಗೆ ಗೊತ್ತಿಲ್ಲ. ಇದನ್ನು ಸೈಟು ನೋಡಲು ಬಂದವರೆಲ್ಲ ನಿಂತು ಓದಿದರು, ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋದರು.

ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಈ ಸಲವೂ ಕೂಗಾಡಲಿಲ್ಲ.

"ಕಾಲೇಜಿನ ಕಾಗದ ಹೊರಗ ಹೆಂಗೆ ಹೋತು ಮೇಡಂ?"

"ನಾನೇ ಕೊಟ್ಟೆ ಸರ್."

"ಯಾಕ?"

"ಫೋಟೋದಾಗ ನಾನಿದ್ದೆ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋಗ್ರಿ" ಅಂದರು.

ಆಮೇಲೆ ನಡೆದದ್ದೆಲ್ಲ ಸದ್ದಿಲ್ಲದೆ ನಡೆಯಿತು. ಮೂರು ತಿಂಗಳಲ್ಲಿ ಆ ಲೇಔಟಿಗೆ ನಗರದ ನೀರಿನ ಪೈಪು ಬಂತು. ಎಷ್ಟೋ ವರ್ಷ ಅರ್ಜಿ ಹಾಕಿದರೂ ಬಾರದ ಬೀದಿಗಳು ಇನ್ನೂ ಇವೆ. ಇದಕ್ಕೆ ಬೇಗ ಬಂತು. ಹೊಸ ಹಾಳೆ ಅಚ್ಚಾಯಿತು, ಅದರಲ್ಲಿ ವಾಸ್ತು ಉಳಿದು ನಾವು ಹೋಗಿದ್ದೆವು. ನನ್ನ ಗೈಡ್‌ಶಿಪ್ ಫೈಲು "ಸ್ಥಳಾವಕಾಶದ ಕೊರತೆ" ಎಂಬ ಷರಾದೊಂದಿಗೆ ವಾಪಸು ಬಂತು. ಅದಕ್ಕೆ ಪುರಾವೆಯಾಗಿ ಕೇಂದ್ರದ ಕೊಠಡಿಯನ್ನು ಕಿತ್ತುಕೊಂಡು ಯೋಗ ವಿಭಾಗಕ್ಕೆ ಕೊಟ್ಟರು. ದರ್ಜೆಯ ತಂಡ ಕಾಲೇಜಿಗೆ ಒಳ್ಳೆಯ ದರ್ಜೆಯನ್ನೇ ಕೊಟ್ಟಿತ್ತು. ವರದಿಯಲ್ಲಿ ನಮ್ಮ ಕೇಂದ್ರದ ಬಗ್ಗೆ ವಿಶೇಷ ಮೆಚ್ಚುಗೆ ಇತ್ತು. ಅದು ಕೈಗೆ ಬರುವ ಹೊತ್ತಿಗೆ ಅಲ್ಲಿ ಚಾಪೆ ಹಾಸಿತ್ತು.

ಸರ್ ಲ್ಯಾಪ್‌ಟಾಪ್ ಎತ್ತಿಕೊಂಡು ಸ್ಟಾಫ್ ರೂಮಿಗೆ ಬಂದರು, ಈಗಲೂ ಕಿಟಕಿಗೆ ಬೆನ್ನು. ಬೆಳಕಿನ ಹುಡುಗಿ ತನ್ನ ಕಲ್ಲನ್ನು ಮನೆಯ ಬಟ್ಟೆ ಅಂಗಡಿಯ ಗೋದಾಮಿಗೆ ಸಾಗಿಸಿದಳು. ಸೀರೆ ಗಂಟುಗಳ ನಡುವೆ ಸದ್ದೂ ಇಲ್ಲ, ಅಲುಗಾಟವೂ ಇಲ್ಲ, ಪಟ್ಟೆಗಳು ಎಂದೂ ಇಷ್ಟು ನಿಶ್ಚಲವಾಗಿರಲಿಲ್ಲ ಎಂದು ಹೇಳುತ್ತಾಳೆ. ನಾನು ರಸಾಯನ ವಿಭಾಗದ ಹಳೆಯ ಯಂತ್ರದ ಮುಂದೆ ಇದ್ದೇನೆ. ಟೀಚರ್ ಒಮ್ಮೆ ಕುಕ್ಕುವಾಡದ ಬೋರಿಂಗ್ ನೀರು ತಂದುಕೊಟ್ಟರು. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಕೇಳಲಿಲ್ಲ. ಬಾಟಲಿಯ ಮೇಲೆ ಊರು, ದಿನ, ಹೊತ್ತು, ತೆಗೆದವರ ಹೆಸರು ಎಲ್ಲ ಬರೆದಿದ್ದರು, ನಮ್ಮ ಎಂ.ಎಸ್ಸಿ. ಮಕ್ಕಳು ಎಷ್ಟು ಹೇಳಿದರೂ ಬರೆಯುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಾರಿನಿಂದ ಒಬ್ಬ ಹೆಂಗಸು ಇಳಿದು ಲ್ಯಾಬಿಗೆ ಬಂದರು. ಕಾರ್ಯದರ್ಶಿಗಳ ಮನೆಯವರು. ಬಾಗಿಲು ಮುಂದೆ ಮಾಡಿ, ವ್ಯಾನಿಟಿ ಬ್ಯಾಗಿನೊಳಗಿಂದ ಒಂದು ಬಾಟಲಿ ತೆಗೆದರು.

"ನಮ್ಮನಿ ಬೋರಿಂದ್ರಿ ಮೇಡಂ. ಸೊಸಿ ಹೆರಿಗಿಗೆ ಹೋಗ್ಯಾಳ, ಮುಂದಿನ ತಿಂಗಳು ಕೂಸು ಮನಿಗೆ ಬರ್ತೈತಿ. ಒಂದೀಟು ನೋಡಿಕೊಡ್ರಿ. ಇವ್ರಿಗೆ ಹೇಳಬ್ಯಾಡ್ರಿ."

ಅವರನ್ನು ಕೂರಿಸಿ ಆಗಲೇ ಅಳೆದೆ. ಅವರು ಸೆರಗಿನ ಅಂಚು ಹಿಡಿದುಕೊಂಡು ಯಂತ್ರವನ್ನೇ ನೋಡುತ್ತಿದ್ದರು. ಅಂಕಿ ಬರುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತಿನಲ್ಲಿ ನನ್ನ ಮನಸ್ಸು ಒಂದು ದೊಡ್ಡ ಅಂಕಿ ಬರಲಿ ಎಂದು ಆಸೆಪಟ್ಟದ್ದು ನಿಜ. ಬರೆಯಲು ಕೂತ ಮೇಲೆ ಅದನ್ನೂ ಬರೆಯಬೇಕು.

ನೀರು ಚೆನ್ನಾಗಿತ್ತು. ಹಾಗೆಂದೇ ಬರೆದು, ಸಹಿ ಮಾಡಿ ಕೊಟ್ಟೆ.